ಪಾದ್ರಿಗಳು ಕೊನೆಗೆ ಉಂಡ ತಟ್ಟೆ

ಕಾರ್ಮಿನ್ ಬಾಯಿಯ ಮನೆಯ ಚಾವಡಿಯಲ್ಲಿ ಒಂದು ಗಾಜಿನ ಕಪಾಟು. ಅದರಲ್ಲಿ ಮಗ ಬಹ್ರೈನಿನಿಂದ ಕಳಿಸಿದ ಗಡಿಯಾರ, ಮಾತೆ ಮರಿಯಮ್ಮನ ಸಣ್ಣ ಮೂರ್ತಿ, ಎರಡರ ನಡುವೆ ನೀಲಿ ಅಂಚಿನ ಒಂದು ಪಿಂಗಾಣಿ ತಟ್ಟೆ. ಮನೆಗೆ ಬಂದವರಿಗೆಲ್ಲ ಅವಳು ಅದನ್ನು ತೋರಿಸುತ್ತಾಳೆ. "ಫಾದರ್ ಹ್ಯೂಬರ್ಟ್ ಕೊನೆಗೆ ಊಟ ಮಾಡಿದ್ದು ಇದರಲ್ಲಿ. ನಮ್ಮ ಮನೆಯಲ್ಲಿ," ಎನ್ನುವಾಗ ಅವಳ ಕಣ್ಣಲ್ಲಿ ನೀರು, ಮುಖದಲ್ಲಿ ಜಂಬ. ಆ ತಟ್ಟೆ ಕಂಡರೆ ನನಗೆ ಹೇಸಿಗೆ. ಎದುರಿಗೆ ಅವಳಿಗೆ ಕೊಡಬೇಕಾದ ಮರ್ಯಾದೆಯನ್ನೆಲ್ಲ ಕೊಟ್ಟಿದ್ದೇನೆ, ಬರೆಯುವಾಗ ಕೊಡುವುದಿಲ್ಲ.

ನಾನು ಯೂಸ್ಟೇಸ್, ಇಗರ್ಜಿಯ ಶಾಲೆಯ ಮಾಸ್ತರ. ಹಂಪನಕಟ್ಟೆಯಿಂದ ಹತ್ತು ನಿಮಿಷ ನಡೆದರೆ ನಮ್ಮ ವಾಡೆ, ಇಗರ್ಜಿಗೆ ಸೇರಿದ ಕೇರಿ. ಕಾರ್ಮಿನ್ ಬಾಯಿಯ ಗಂಡ ವಾಲ್ಟರ್ ವಾಡೆಯ ಗುರ್ಕಾರ, ಅಂದರೆ ಹಿರಿಯ. ಇಗರ್ಜಿಯ ಸಮಿತಿಯಲ್ಲಿ ಅವನ ಮಾತಿಗೆ ತೂಕ. ಮನೆಯಲ್ಲಿ ಅವನ ಮಾತಿಗೆ ತೂಕ ಇದ್ದದ್ದನ್ನು ನಾನು ಕಂಡಿಲ್ಲ.

೧೯೫೨ರಲ್ಲಿ ಆಗಿನ ಪಾದ್ರಿಗಳು ಅವಳ ಮನೆಯಲ್ಲಿ ಹಂದಿ ಮಾಂಸದ ಬಫಾತ್ ಉಂಡು, ಎರಡನೇ ಸಲ ಬಡಿಸಿಕೊಂಡು ಹೋದರು. ಅದಾಗಿ ಎಂಟು ದಿನಕ್ಕೆ ಮಗ ಡೆನಿಸನಿಗೆ ಬಹ್ರೈನಿನ ಎಣ್ಣೆ ಕಂಪನಿಯ ಕೆಲಸದ ಕಾಗದ ಬಂತು. ಹುಡುಗ ಒಂದು ವರ್ಷ ಅರ್ಜಿ ಹಾಕಿದ್ದು, ಟೈಪಿಂಗ್ ಕಲಿತದ್ದು ಯಾವುದೂ ಅವಳ ಲೆಕ್ಕಕ್ಕೆ ಬರಲಿಲ್ಲ. ದೇವರ ಸೇವಕನನ್ನು ಗೌರವಿಸಿದ ಮನೆಗೆ ಆಶೀರ್ವಾದ ಬರುತ್ತದೆ ಎಂದು ಇಗರ್ಜಿಯ ಪ್ರಸಂಗದಲ್ಲಿ ಕೇಳಿದ್ದಳಲ್ಲ, ಅದು ಪಾದ್ರಿಗಳ ಗಂಟಲಿನ ದಾರಿಯಾಗಿಯೇ ಬರುತ್ತದೆ ಎಂದು ಆವತ್ತಿನಿಂದ ಅವಳಿಗೆ ಖಾತ್ರಿಯಾಯಿತು. ಅವಳ ವೇದಾಂತವೆಲ್ಲ ಇಷ್ಟೇ. ವಾಡೆಯ ಹೆಂಗಸರೂ ಅದನ್ನು ನಂಬಿದರು. ಪಾದ್ರಿಗಳ ಬಂಗಲೆಗೆ ಸೇರುಗಟ್ಟಲೆ ಮಾಂಸ ಹೋಗತೊಡಗಿತು.

ಫಾದರ್ ಹ್ಯೂಬರ್ಟ್ ಬಂದದ್ದು ೧೯೫೮ರಲ್ಲಿ. ಸಪೂರ ಮನುಷ್ಯ, ಮೆಲ್ಲಗೆ ಮಾತು. ಮೊದಲ ಸಲ ಕಾರ್ಮಿನ್ ಬಾಯಿಯ ಮನೆಗೆ ಬಂದಾಗ ಮಾಂಸ ಬೇಡ, ಬರೀ ಅನ್ನ ಸಾಕು ಎಂದರು. ಅಷ್ಟಕ್ಕೇ ಇವಳು ನೆಲದ ಮೇಲೆ ಕೂತು ಅಳಲು ಹಿಡಿದಳು. "ನಮ್ಮ ಮನೆಯಲ್ಲಿ ಎಂತ ಪಾಪ ಉಂಟು ಫಾದರ್, ನೀವು ನಮ್ಮದನ್ನು ಮುಟ್ಟುವುದಿಲ್ಲ?" ಪಾಪ, ಅವರು ತಟ್ಟೆ ಎಳೆದುಕೊಂಡು ಉಂಡರು. ಒಳ್ಳೆಯವರ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ. ಒಂದು ಸಲ ಗದರಿಸಿದ್ದರೆ ಮುಗಿಯುತ್ತಿತ್ತು.

ಬಂಗಲೆಯಲ್ಲಿ ಅಡುಗೆಗೆ ಇದ್ದವಳು ದೇಯಿ. ನಮ್ಮವಳಲ್ಲ, ಶಿಲುಬೆಯ ಗುರುತು ಹಾಕಲಿಕ್ಕೂ ಅವಳಿಗೆ ಗೊತ್ತಿಲ್ಲ. ಪಾದ್ರಿಗಳು ಊಟ ಮಾಡಿ ಹಿತ್ತಲಿಗೆ ಹೋಗಿ ವಾಂತಿ ಮಾಡುವುದನ್ನು ಕಂಡವಳು ಅವಳೊಬ್ಬಳೇ. ಡಾಕ್ಟರರ ಹತ್ತಿರ ಹೋಗಿ ಎಂದು ಬೆನ್ನುಬಿದ್ದವಳೂ ಅವಳೇ. ಆಮೇಲೆ ನುಣ್ಣಗೆ ಬೇಯಿಸಿದ ಗಂಜಿ, ಹಾಲು, ಇಷ್ಟನ್ನೇ ಕೊಟ್ಟಳು. ಬಾಗಿಲಿಗೆ ಬಂದ ಪಾತ್ರೆಗಳನ್ನು ಬಂದ ಹಾಗೆಯೇ ತಿರುಗಿಸಿ ಕಳಿಸಿದಳು. ನಾಲ್ಕು ತಿಂಗಳಲ್ಲಿ ಪಾದ್ರಿಗಳ ಮುಖಕ್ಕೆ ಬಣ್ಣ ಬಂತು, ಪ್ರಸಂಗ ಹಿಂದಿನ ಬೆಂಚಿಗೂ ಕೇಳುವ ಹಾಗಾಯಿತು.

ಈಸ್ಟರಿನ ದಿನ ಕಾರ್ಮಿನ್ ಬಾಯಿಯ ಬಫಾತ್ ಕೂಡ ವಾಪಸ್ ಬಂತು. ಅವಳಿಗೆ ಅದು ಕಪಾಳಕ್ಕೆ ಬಿಗಿದ ಹಾಗಾಯಿತು. ಡೆನಿಸನಿಗೆ ಆ ವರ್ಷ ಬಡ್ತಿ ಬರಬೇಕಿತ್ತು, ನೋಡಿ.

ಮರುದಿನ ದೇಯಿ ನನ್ನನ್ನು ಹುಡುಕಿಕೊಂಡು ಮನೆಗೆ ಬಂದಳು. ಸೆರಗಿನ ಗಂಟು ಬಿಚ್ಚಿ ಡಾಕ್ಟರರ ಚೀಟಿ ತೆಗೆದಳು. "ನನಗೆ ಓದಲಿಕ್ಕೆ ಬರುವುದಿಲ್ಲ ಮಾಸ್ಟ್ರೇ. ಕಾರ್ಮಿನ್ ಬಾಯಮ್ಮ ನನ್ನ ಮಾತು ನಂಬುವುದಿಲ್ಲ. ನೀವು ಅವರಿಗೆ ಓದಿ ಹೇಳಿ. ಪಾದ್ರಿಗಳು ಅವರಾಗಿ ಯಾರಿಗೂ ಹೇಳುವುದಿಲ್ಲ." ಹೊಟ್ಟೆಯಲ್ಲಿ ಹುಣ್ಣು. ಖಾರ, ಹುಳಿ, ಮಾಂಸ ಕೂಡದು, ತಪ್ಪಿದರೆ ಜೀವಕ್ಕೆ ಅಪಾಯ. ಚೀಟಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು.

ನಾನು ಹೋದೆ. ಕಾರ್ಮಿನ್ ಬಾಯಿ ಮೇಜಿನ ಮೇಲೆ ಕಾಗದ, ಪೆನ್ನು ಇಟ್ಟು ನನಗಾಗಿಯೇ ಕಾಯುತ್ತಿದ್ದಳು. ಸಮಿತಿಗೆ ದೇಯಿಯ ಮೇಲೆ ದೂರು ಬರೆಯಬೇಕಿತ್ತು, ಅವಳಿಗೆ ನನ್ನ ಅಕ್ಷರ ಬೇಕಿತ್ತು. ನಾನು ಚೀಟಿ ಓದಿದೆ. ಎರಡು ಸಲ ಓದಿದೆ.

"ಗೌರವದಿಂದ ಕೊಟ್ಟ ಅನ್ನ ದೇವರ ಮನುಷ್ಯನಿಗೆ ಕೆಡುಕು ಮಾಡ್ತದಾ ಮಾಸ್ಟ್ರೇ?" ಎಂದಳು. "ಡಾಕ್ಟ್ರಿಗೆ ಎಂತ ಗೊತ್ತು? ನಮ್ಮ ಪಾದ್ರ್ಯಾಬ್ ಕೂಲಿಯವರ ಹಾಗೆ ಗಂಜಿ ಕುಡೀತಾರೆ, ಇಡೀ ಊರು ನಗ್ತದೆ. ಬರೀರಿ. ಅಕ್ಕಿ ಕದೀತಾಳೆ ಅಂತಲೂ ಬರೀರಿ."

"ಅಕ್ಕಿ ಕದ್ದದ್ದು ಯಾರು ನೋಡಿದ್ದಾರೆ ಬಾಯಿ?"

"ಕದಿಯದೆ ಇರ್ತಾಳಾ?"

ವಾಲ್ಟರ್ ಬಾಗಿಲ ಹತ್ತಿರ ಚುಟ್ಟಾ ಸೇದುತ್ತಾ ಕೂತಿದ್ದ. "ಜೂನಿನಲ್ಲಿ ಹೆಡ್‌ಮಾಸ್ತರರ ಜಾಗ ಖಾಲಿ ಆಗ್ತದಲ್ಲ ಮಾರಾಯ," ಎಂದ, ನನ್ನನ್ನು ನೋಡದೆ. ಆ ಜಾಗ ಯಾರಿಗೆಂದು ತೀರ್ಮಾನಿಸುವುದು ಸಮಿತಿ. ಅದಕ್ಕಿಂತ ಹೆಚ್ಚು ಹೇಳುವ ಅಗತ್ಯ ಅವನಿಗೆ ಇರಲಿಲ್ಲ.

ವಾರದೊಳಗೆ ದೇಯಿಯನ್ನು ಕೆಲಸದಿಂದ ಬಿಡಿಸಿದರು. "ಅವಳು ಇರಲಿ," ಎಂದು ಪಾದ್ರಿಗಳು ಒಮ್ಮೆ ಹೇಳಿದರಂತೆ. "ನಿಮ್ಮ ಹೊಟ್ಟೆಯ ಚಿಂತೆ ಇನ್ನು ನಮಗೆ ಬಿಡಿ ಫಾದರ್," ಎಂದು ವಾಲ್ಟರ್ ಅವರ ಬಾಯಿ ಮುಚ್ಚಿಸಿದ. ದೇಯಿ ಬೀಡಿ ಕಟ್ಟಲು ಹೋದಳು. ವಾಡೆಯ ಮನೆಗಳು ಸರದಿ ಹಾಕಿಕೊಂಡವು: ಸೋಮವಾರ ಒಬ್ಬರ ಕೋಳಿ, ಮಂಗಳವಾರ ಇನ್ನೊಬ್ಬರ ಖಾರದ ಕಾಣೆ ಮೀನು, ಭಾನುವಾರ ಕಾರ್ಮಿನ್ ಬಾಯಿ. ಒಬ್ಬರನ್ನೊಬ್ಬರು ಮೀರಿಸುವ ಚಟಕ್ಕೆ ಮೆಣಸು ಹೆಚ್ಚಾಯಿತು, ಹುಳಿ ಹೆಚ್ಚಾಯಿತು. ಉಂಡು ಮುಗಿಯುವವರೆಗೆ ಎದುರಿಗೆ ನಿಂತು ನೋಡುತ್ತಿದ್ದರು, ನಾಚಿಕೆಗೆಟ್ಟವರು. ಪಾದ್ರಿಗಳ ಕುತ್ತಿಗೆ ಮತ್ತೆ ಸಪೂರವಾಯಿತು. ಪೂಜೆಯ ನಡುವೆ ಪೀಠಕ್ಕೆ ಕೈಯೂರಿ ನಿಲ್ಲತೊಡಗಿದರು. "ಎಷ್ಟು ಭಕ್ತಿ ನೋಡಿ!" ಎಂದು ಕಾರ್ಮಿನ್ ಬಾಯಿ ನನ್ನ ಹೆಂಡತಿಯ ಕಿವಿಯಲ್ಲಿ ಹೇಳಿದಳಂತೆ.

ಜೂನಿನಲ್ಲಿ ನಾನು ಹೆಡ್‌ಮಾಸ್ತರನಾದೆ.

ಜುಲೈ ಹದಿನಾರು ಕಾರ್ಮೆಲ್ ಮಾತೆಯ ಹಬ್ಬ, ಅವಳ ಹೆಸರಿನ ದಿನ. ಹೊರಗೆ ಜೋರು ಮಳೆ. ಪಾದ್ರಿಗಳನ್ನು ಊಟಕ್ಕೆ ಕರೆದು ನೀಲಿ ಅಂಚಿನ ಹೊಸ ತಟ್ಟೆಯಲ್ಲಿ ಬಫಾತ್ ಬಡಿಸಿದಳು. ಅವರು ನಾಲ್ಕು ತುತ್ತು ಉಂಡು ಕೈ ನಿಲ್ಲಿಸಿದರು. "ನನ್ನ ಹಬ್ಬ ಫಾದರ್, ನನ್ನ ಮಗನಿಗಾಗಿ," ಎಂದಳು. ತಟ್ಟೆ ಖಾಲಿಯಾಯಿತು. ಸಂಜೆ ಬಂಗಲೆಯ ಮೆಟ್ಟಿಲ ಮೇಲೆ ರಕ್ತ ಕಾರಿ ಬಿದ್ದರು. ಆಸ್ಪತ್ರೆಯಲ್ಲಿ ಮೂರನೇ ದಿನ ಪ್ರಾಣ ಹೋಯಿತು.

ಶವಸಂಸ್ಕಾರಕ್ಕೆ ಕಾರ್ಮಿನ್ ಬಾಯಿ ಎಲ್ಲರಿಗಿಂತ ಮುಂದೆ, ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಅತ್ತಳು. ದೇಯಿ ಸ್ಮಶಾನದ ಗೇಟಿನ ಹೊರಗೆ ಮಳೆಯಲ್ಲಿ ನಿಂತಿದ್ದಳು. ನಾನು ತಲೆ ತಗ್ಗಿಸಿ ದಾಟುವಾಗ ಕರೆದಳು.

"ಮಾಸ್ಟ್ರೇ, ಚೀಟಿ ಓದಿ ಹೇಳಿದ್ದಿರಲ್ಲ?"

"ಹೇಳಿದ್ದೆ."

 ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ನಂಬಿದ್ದರೆ ಇನ್ನೂ ಕಷ್ಟ. ಕದ್ದವಳು ಎಂದು ಬರೆದ ಕೈ ನನ್ನದೆಂದು ಅವಳಿಗೆ ಈಗಲೂ ಗೊತ್ತಿಲ್ಲ.

ಡೆನಿಸನಿಗೆ ಬಡ್ತಿ ಬಂತು. ಅಂದಮೇಲೆ ಕೇಳಬೇಕೆ! ತಟ್ಟೆ ಕಪಾಟು ಹತ್ತಿತು. ಅದನ್ನು ಮುಟ್ಟಿ ನಮಸ್ಕರಿಸಿ ಹೋಗುವವರೂ ಹುಟ್ಟಿಕೊಂಡರು.

ಸೆಪ್ಟೆಂಬರಿನಲ್ಲಿ ಹೊಸ ಪಾದ್ರಿಗಳು ಬಂದರು. ಎಳೆ ಪ್ರಾಯದವರು, ಸಿಹಿ ಮೂತ್ರದ ಕಾಯಿಲೆಗೆ ದಿನಾ ಸೂಜಿ ಚುಚ್ಚಿಕೊಳ್ಳುವವರು ಎಂದು ಅವರ ಮೊದಲಿನ ಇಗರ್ಜಿಯವನೊಬ್ಬ ನನಗೆ ಹೇಳಿದ್ದ. ಮೊದಲ ಊಟ ಗುರ್ಕಾರನ ಮನೆಯಲ್ಲಿ. ಹೆಡ್‌ಮಾಸ್ತರನಾದ ನನಗೂ ಅದೇ ಮೇಜಿನಲ್ಲಿ ಜಾಗ. ಬಫಾತಿನ ಜೊತೆಗೆ ಬೆಲ್ಲದ ಪಾಯಸವೂ ತುಂಬಿ ತುಳುಕುತ್ತಿತ್ತು.

ಪಾದ್ರಿಗಳು ಕಪಾಟಿನ ತಟ್ಟೆ ನೋಡಿ, ಕತೆ ಕೇಳಿ, ನನ್ನ ಕಡೆ ತಿರುಗಿದರು. "ಫಾದರ್ ಹ್ಯೂಬರ್ಟರಿಗೆ ಅಷ್ಟೇನೂ ವಯಸ್ಸಾಗಿರಲಿಲ್ಲವಲ್ಲ ಮಾಸ್ಟ್ರೇ. ಎಂತ ಆಗಿತ್ತು ಅವರಿಗೆ?"

ಕಾರ್ಮಿನ್ ಬಾಯಿ ಸೌಟು ಹಿಡಿದು ನನ್ನನ್ನೇ ನೋಡಿದಳು. ವಾಲ್ಟರ್ ನೋಡಲಿಲ್ಲ.

"ದೇವರ ಚಿತ್ತ, ಫಾದರ್," ಎಂದೆ.

ಅವಳು ಪಾದ್ರಿಗಳ ಬಟ್ಟಲಿಗೆ ಇನ್ನೊಂದು ಸೌಟು ಪಾಯಸ ಸುರಿದಳು. ನನ್ನ ತಟ್ಟೆಗೆ ಮಾಂಸದ ದೊಡ್ಡ ತುಂಡು ಹಾಕಿದಳು. ನಾನು ಉಂಡೆ. ರುಚಿಯಾಗಿಯೇ ಇತ್ತು.