ತಿರುಗಿ ನೋಡುವ ಹಸು

ದೆವ್ವ, ಶಕುನ ಎಂದರೆ ನಗುವ ಜಾತಿ ನನ್ನದು. ಈಗಲೂ ಪೂರ್ತಿ ನಂಬುವುದಿಲ್ಲ. ಆದರೂ ಬ್ರಹ್ಮಗಿರಿಯ ಬಂಡೆಯಲ್ಲಿ ಕಂಡದ್ದನ್ನು ಕಂಡಂತೆ ಹೇಳಿಬಿಡುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಹಳೆಯ ಬಂಡೆಚಿತ್ರಗಳ ಮೇಲೆ ಪಾರದರ್ಶಕ ಹಾಳೆ ಹಿಡಿದು ಗೆರೆಗಳನ್ನು ನಕಲು ಮಾಡುವುದು ನನ್ನ ಕೆಲಸ. ಆ ಬಂಡೆಯಲ್ಲಿ ಮೂರು ಬೇರೆ ಬೇರೆ ಕಾಲದವರು ಬರೆದ ಚಿತ್ರಗಳಿದ್ದವು. ಅಡಿಯಲ್ಲಿ ಕಾವಿ ಬಣ್ಣದ, ಮೈ ತುಂಬಿದ ಗೂಳಿಗಳು. ಅವುಗಳ ಮೇಲೆ ಕಡ್ಡಿಯಂಥ ಜನ. ಎಲ್ಲಕ್ಕೂ ಮೇಲೆ ಬಿಳಿ ಬಣ್ಣದ ಕುದುರೆ ಸವಾರರು. ಹಿಂದಿನವರು ಬರೆದದ್ದನ್ನು ಯಾರೂ ಅಳಿಸಿರಲಿಲ್ಲ.

ಅದನ್ನು ನೋಡಿದಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ. ನಮ್ಮೂರು ನನ್ನಿವಾಳದ ಮನೆಯ ಗೋಡೆಯ ಮೇಲೆ ಅವ್ವ ದೀಪಾವಳಿಗೆ ಕೆಮ್ಮಣ್ಣಿನಿಂದ ಒಂದು ಹಸು ಬರೆಯುತ್ತಿದ್ದಳು. ಅದು ಕತ್ತು ತಿರುಗಿಸಿ ಹಿಂದೆ ನೋಡುತ್ತಿತ್ತು. ಯಾಕವ್ವ ಎಂದರೆ, "ಕರ ಹಿಂದೆ ಉಳಿದೈತೆ, ಅದ್ಕೆ" ಎನ್ನುತ್ತಿದ್ದಳು. ಅವಳು ತೀರಿಕೊಂಡ ವರ್ಷ ನಾನೇ ಮುಂದೆ ನಿಂತು ಆ ಗೋಡೆಗೆ ಆಯಿಲ್ ಪೇಂಟ್ ಹೊಡೆಸಿದೆ. ಒಂದು ಫೋಟೊ ಕೂಡ ತೆಗೆದಿರಲಿಲ್ಲ. ಆಮೇಲೆ ಆ ಹಸುವಿನ ಬೆನ್ನಿನ ಗೆರೆ ಎಲ್ಲಿ ಬಾಗುತ್ತಿತ್ತೆಂದು ಎಷ್ಟು ನೆನೆದರೂ ನೆನಪಿಗೆ ಬರಲಿಲ್ಲ.

ಆ ಬಂಡೆಯ ನಕಲು ತೆಗೆಯಲು ಹೋದ ದಿನ ದಾರಿ ತೋರಿಸಲು ಬಂದಿದ್ದವರು ದೇವರ ಎತ್ತುಗಳನ್ನು ಕಾಯುವ ಕಿಲಾರಿ, ಬೋರಜ್ಜ. ಬಂಡೆಗೆ ನೀರು ಹಾಕಬೇಡಿ, ಬಣ್ಣ ಕೆಡುತ್ತದೆ ಎಂದು ಬೆಳಗ್ಗೆಯಿಂದ ಹೇಳುತ್ತಲೇ ಇದ್ದೆ. ದನ ಕಾಯುವವರ ರೂಢಿ ಬಿಡುತ್ತದೆಯೇ? ಮಧ್ಯಾಹ್ನ ಬಾಟಲಿಯಿಂದ ಅಂಗೈ ತುಂಬ ನೀರು ಸುರಿದುಕೊಂಡು ಎರಚಿಯೇಬಿಟ್ಟರು.

"ನೀರು ಬಿದ್ರೆ ಮಾಸಿದ್ ಚಿತ್ರ ಎದ್ ಬರ್ತಾವೆ, ನೋಡ್ರಿ ಸಾರ್."

ರೇಗಲೆಂದು ತಿರುಗಿದೆ. ಗೂಳಿಗಳ ನಡುವೆ, ಅಷ್ಟು ಹೊತ್ತು ಬರಿಗಲ್ಲು ಇದ್ದಲ್ಲಿ, ಒಂದು ಹಸು ಎದ್ದಿತ್ತು. ಅವ್ವನದೇ ಗೆರೆ.

"ತಿರುಗಿ ನೋಡ್ತೈತಲ್ಲ," ಎಂದರು ಅಜ್ಜ. "ಕರ ಹಿಂದೆ ಉಳಿದೈತೆ, ಅದ್ಕೆ."

ತಕ್ಷಣ ಹಾಳೆ ಹಿಡಿದು ಬರೆದುಕೊಂಡೆ. ನೀರು ಆರಿತು, ಹಸುವೂ ಹೋಯಿತು. ಮತ್ತೆ ನೀರು ಎರಚಿದವನು ನಾನೇ, ಬಾಟಲಿ ಖಾಲಿಯಾಗುವವರೆಗೆ. ಗೂಳಿಗಳು ಬಂದವು. ಹಸು ಬರಲಿಲ್ಲ.

ಆಮೇಲೆ ಎಷ್ಟೋ ಸಲ ಹೋಗಿ ನೋಡಿದ್ದೇನೆ, ಅಲ್ಲಿ ಬರಿಗಲ್ಲೇ ಇದೆ. ಅವ್ವನನ್ನು ಕಂಡೇ ಇಲ್ಲದ ಅಜ್ಜನ ಬಾಯಿಗೆ ಅವಳ ಮಾತು ಹೇಗೆ ಬಂತೋ ತಿಳಿಯದು. ಹಸು ನಿಜಕ್ಕೂ ಇತ್ತೇ ಎಂದು ಕೇಳಿದರೆ, "ಇತ್ತಲ್ಲ ಸಾರ್, ನಾನೂ ಕಂಡ್ನಲ್ಲ" ಎನ್ನುತ್ತಾರೆ, ಅಷ್ಟೇ. ಕಂಡು ಬರೆದೆನೋ, ಕೈಯೇ ನೆನೆದು ಬರೆಯಿತೋ, ನನಗೂ ಗೊತ್ತಿಲ್ಲ. ಹಾಳೆಯಲ್ಲಿ ಮಾತ್ರ ಬೆನ್ನು ಬಾಗಬೇಕಾದಲ್ಲೇ ಬಾಗಿದೆ.

ಕಳೆದ ದೀಪಾವಳಿಗೆ ಕೆಮ್ಮಣ್ಣು ಕಲಸಿ, ಆ ಹಾಳೆ ನೋಡಿಕೊಂಡು ಗೋಡೆಯ ಮುಂದೆ ಕೂತೆ. ನಾನು ಹೊಡೆಸಿದ ಪೇಂಟಿನ ಮೇಲೆ ಕೆಮ್ಮಣ್ಣು ನಿಲ್ಲಲಿಲ್ಲ.