ಬೇರಿಗೆ ಊಟ ಮುಟ್ಟದ ವರ್ಷ

ಹೋದ ವರ್ಷದ ಬೇಸಿಗೆಯಲ್ಲಿ ನೀವು ಹಾನಗಲ್ಲಿನ ನಮ್ಮ ಮನೆಗೆ ಬರಬೇಕಿತ್ತು. ಹಿತ್ತಲಿನ ಆಪೂಸ್ ಮಾವು ಹಿಂದೆಂದೂ ಕಾಣದಷ್ಟು ಕಾಯಿ ಹಿಡಿದಿತ್ತು. ಓಣಿಗೆಲ್ಲ ಹಂಚಿದೆ. ಸ್ಟಾಫ್ ರೂಮಿಗೆ ಬುಟ್ಟಿ ಹೊತ್ತುಕೊಂಡು ಹೋದೆ. "ಏನ್ ಗೊಬ್ಬರಾ ಹಾಕ್ತೀರಿ ಟೀಚರ?" ಎಂದು ಕೇಳಿದವರಿಗೆಲ್ಲ "ಪ್ರೀತಿ" ಎಂದೆ. (ಈಗ ನೆನೆದರೆ ನಾಚಿಕೆಯಾಗುತ್ತದೆ.)

ಅದು ಸಾಯಲು ಹೊರಟ ಗಿಡದ ಫಸಲಾಗಿತ್ತು.

ನಾನು ಹೈಸ್ಕೂಲಿನ ವಿಜ್ಞಾನ ಟೀಚರ್. ಹದಿನಾಲ್ಕು ವರ್ಷದ ಹಿಂದೆ ಹಿರೇಕೆರೂರಿನಿಂದ ಇಲ್ಲಿಗೆ ವರ್ಗವಾದಾಗ ಹತ್ತನೇ ತರಗತಿಯ ಹುಡುಗಿಯರು ಶಾಲು, ಫೋಟೋ ಫ್ರೇಮು ಬಿಟ್ಟು ಈ ಮಾವಿನ ಸಸಿ ಕೊಟ್ಟರು. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ. "ಕೂಸಿಗೆ ಟಿಕೆಟ್ ಬ್ಯಾಡ್ರಿ" ಎಂದು ಕಂಡಕ್ಟರ್ ನಕ್ಕಿದ್ದ.

ಈ ವರ್ಷ ಅದು ಚಿಗುರಲಿಲ್ಲ. ಎಲೆ ಸಣ್ಣಗಾಗಿ, ಹಳದಿಗೆ ತಿರುಗಿ, ಉದುರತೊಡಗಿತು. ನೀರು ಹಾಕಿದೆ. ಇನ್ನಷ್ಟು ಹಾಕಿದೆ. ಸಗಣಿ ಗೊಬ್ಬರ, ಅಂಗಡಿಯವರು ಕೊಟ್ಟ ಪುಡಿ, ಯೂಟ್ಯೂಬ್ ಹೇಳಿದ ಹುಳಿ ಮಜ್ಜಿಗೆ ಎಲ್ಲ ಆಯಿತು.

"ಒಣಗಿದ ಟೊಂಗಿ ಹಂಚಿನ ಮ್ಯಾಲ ಬಿದ್ರ ಏನ್ ಮಾಡ್ತಿ? ಕಡಿಸಿಬಿಡೂಣು" ಎಂದರು ನಮ್ಮ ಮನೆಯವರು. ಕಡಿಯುವವನಿಗೆ ಫೋನ್ ಮಾಡಿ, ಬರುವ ವಾರಕ್ಕೆ ದಿನವನ್ನೂ ಗೊತ್ತು ಮಾಡಿದರು.

ಆ ಭಾನುವಾರ ಹತ್ತಿಮತ್ತೂರಿನ ಅಕ್ಕನ ಮನೆಗೆ ಹೋದವಳು ಸಂಕಟ ತೋಡಿಕೊಂಡೆ. ಎದುರು ಮನೆಯ ಮಕ್ತುಂಸಾಬರು ಅಲ್ಲೇ ಕಟ್ಟೆಯ ಮೇಲೆ ಕುಳಿತಿದ್ದರು. ಸವಣೂರು ಸೀಮೆಯ ಮಾವಿನ ಗಿಡಗಳಿಗೆ ಕಸಿ ಕಟ್ಟುತ್ತಲೇ ಅರವತ್ತು ದಾಟಿದವರು. ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದರು:

"ಗಿಡಕ್ಕ ಏನರ ಕಟ್ಟೀರೇನ್ರಿ, ಅಕ್ಕಾರ?"

ಕಟ್ಟಿದ್ದೆ. ಬಟ್ಟೆ ಒಣಹಾಕಲು ತಂತಿ. ಆರೇಳು ವರ್ಷವಾಯಿತು. ಕಾಂಡ ದಪ್ಪವಾಗುತ್ತಾ ತಂತಿ ಒಳಗೆ ಹೂತುಹೋಗಿತ್ತು. ಬಟ್ಟೆ ಅಂಗಳದಲ್ಲಿ ಒಣಗಿಸತೊಡಗಿದ ಮೇಲೆ ಅದನ್ನು ಮರೆತೇಬಿಟ್ಟಿದ್ದೆ.

ಮರುದಿನ ಮೊದಲ ಬಸ್ಸಿಗೇ ಅವರು ಕೈಚೀಲ ಹಿಡಿದು ಬಂದರು. ನಾನು ರಜೆ ಹಾಕಿದೆ. ಅವರು ಕಾಂಡದ ಮೇಲೆ ಕೈಯಾಡಿಸಿದರು. ತಂತಿಯ ಮೇಲ್ಗಡೆ ತೊಗಟೆ ದಪ್ಪಗೆ ಊದಿತ್ತು. ಕೆಳಗಡೆ ಬಡಕಲು.

"ನೀರು ಮ್ಯಾಲ ಹೊಂಟೈತ್ರಿ. ಅದು ಒಳಗಿನ ಕಟಗ್ಯಾಗ ಹೋಗತೈತಿ. ಎಲಿನೂ ಅಡಗಿ ಮಾಡೈತಿ. ಆ ಊಟ ತೊಗಟಿ ಹಿಡದು ಕೆಳಗ ಇಳೀಬೇಕಲ್ಲ, ಇಲ್ಲಿ ತಂತಿ ಅಡ್ಡ ಬಂದೈತಿ. ಬೇರು ಉಪಾಸ ಬಿದ್ದಾವ್ರಿ. ಹಸದ ಬೇರು ಎಷ್ಟ್ ದಿನಾ ನೀರು ಎತ್ತ್ಯಾವು?"

"ಹಂಗಾದ್ರ ಹ್ವಾದ ವರ್ಷ ಅಷ್ಟು ಹಣ್ಣು?"

"ಕೆಳಗ ಇಳೀಬೇಕಾದ್ದೆಲ್ಲಾ ಮ್ಯಾಲ ನಿಂತು ಕಾಯಿ ಆತ್ರಿ."

ಕ್ಸೈಲಂ ನೀರನ್ನು ಮೇಲೊಯ್ಯುತ್ತದೆ, ಫ್ಲೋಯಂ ಆಹಾರವನ್ನು ಬೇರಿಗೆ ಮುಟ್ಟಿಸುತ್ತದೆ. ಎಷ್ಟು ಬ್ಯಾಚಿಗೆ ಈ ಪಾಠ ಮಾಡಿಲ್ಲ ನಾನು? ಪರೀಕ್ಷೆಗೆ ಬರುತ್ತದೆ, ಚಿತ್ರ ಬಿಡಿಸಿ ಎಂದು ಎಷ್ಟು ಸಲ ಹೇಳಿಲ್ಲ? ಅದೇ ಕೈಯಿಂದ ನನ್ನ ಗಿಡಕ್ಕೆ ತಂತಿ ಬಿಗಿದಿದ್ದೆ.

"ಉಳೀತೈತೇನ್ರಿ?" ಎಂದೆ.

"ಜೀವ ಐತ್ರಿ. ಮಿರಗದ ಮಳಿನೂ ಬಿದ್ದೈತಿ, ತೊಗಟಿ ಸಲೀಸ ಬಿಚ್ಚತೈತಿ. ನೋಡೂಣು."

ತಂತಿಯನ್ನು ಪಕ್ಕಡದಿಂದ ತುಂಡು ತುಂಡಾಗಿ ಕತ್ತರಿಸಿ ತೆಗೆದರು. ಏಣಿ ಹತ್ತಿ ಅದೇ ಗಿಡದ ಟೊಂಗೆಗಳಿಂದ ಪೆನ್ಸಿಲ್ ದಪ್ಪದ ಆರು ಕಡ್ಡಿ ಕೊಯ್ದರು. ಎರಡೂ ತುದಿಗಳನ್ನು ಓರೆಯಾಗಿ ಕೆತ್ತಿ, ಗಾಯದ ಕೆಳಗೊಂದು ತುದಿ, ಮೇಲೊಂದು ತುದಿ ತೊಗಟೆಯೊಳಗೆ ಸಿಕ್ಕಿಸಿದರು. ಗಾಯ ದಾಟಲು ಆರು ಪುಟ್ಟ ಸೇತುವೆಗಳು! ಕಡ್ಡಿ ತಲೆಕೆಳಗಾಗಬಾರದು, ಪ್ರತಿಯೊಂದನ್ನೂ ಎರಡೆರಡು ಸಲ ನೋಡುತ್ತಿದ್ದರು. ಪ್ಲಾಸ್ಟಿಕ್ ಪಟ್ಟಿ ಸುತ್ತಿ, ಮೇಣ ಬಳಿಯುವಷ್ಟರಲ್ಲಿ ಮಧ್ಯಾಹ್ನವಾಯಿತು. ಏಣಿ ಹಿಡಿದು, ಅಷ್ಟು ಹೊತ್ತೂ ಅಲ್ಲೇ ನಿಂತಿದ್ದ ನಮ್ಮ ಮನೆಯವರು ಪಕ್ಕಕ್ಕೆ ಹೋಗಿ ಫೋನ್ ಮಾಡಿದರು. "ಬರಬ್ಯಾಡಪಾ, ಗಿಡಾ ಇರ್ಲಿ."

ಏಳು ವಾರ ಕಾದೆ. (ದಿನಾ ಚಹಾಕ್ಕಿಂತ ಮೊದಲು ಹಿತ್ತಲು.) ಎರಡು ಕಡ್ಡಿ ಕಪ್ಪಾಗಿ ಒಣಗಿದವು. ಉಳಿದವೂ ಹೀಗೇ ಆದರೆ?

ಶ್ರಾವಣದಲ್ಲಿ ಮಕ್ತುಂಸಾಬರು ಕರೆಯದೆಯೇ ಬಂದರು. ಒಂದೊಂದು ಕಡ್ಡಿಯನ್ನೂ ಉಗುರಿನಿಂದ ಗೀರಿದರು. ಒಳಗೆ ಹಸಿರು!

"ನಾಕು ಹಿಡದಾವ್ರಿ. ಸಾಕು." ಕತ್ತೆತ್ತಿ ತೋರಿಸಿದರು. ತುದಿಯಲ್ಲಿ ತಾಮ್ರದ ಬಣ್ಣದ ಚಿಗುರು.

ನನಗೆ ಕಣ್ಣು ತುಂಬಿ ಬಂತು. ಚಹಾ ಕೊಟ್ಟು, "ನಿಮ್ಮ ಉಪಕಾರ ಹೆಂಗ ತೀರಸ್ಲಿ?" ಎಂದೆ.

ಅವರು ಕಪ್ಪಿನಿಂದ ಬಸಿಗೆ ಚಹಾ ಬಗ್ಗಿಸುತ್ತಾ ಹೇಳಿದರು: "ಬಸ್ ಸ್ಟ್ಯಾಂಡಿನಿಂದ ನಡಕೋತ ಬಂದ್ನಿರಿ. ನಿಮ್ಮ ಸಾಲಿ ಮುಂದಿನ ಬೇವಿನ ಗಿಡಕ್ಕೆಲ್ಲಾ ಹಳೇ ಬ್ಯಾನರಿನ ತಂತಿ ಬಿಗದಾವು. ಅವಕ್ಕ ಯಾರದಾರ್ರಿ?"

ಮರುದಿನ ಪ್ರಾರ್ಥನೆಗೆ ಮುಂಚೆ ಪಕ್ಕಡ ಹಿಡಿದು ಹೊರಟೆ. ಏಳು ಗಿಡಗಳ ತಂತಿ ಬಿಚ್ಚಿದೆ. ಹತ್ತನೇ ತರಗತಿಯವರಿಗೆ ಅಂದಿನ ಪಾಠ ಬೇವಿನ ಬುಡದಲ್ಲೇ ಆಯಿತು. ನನ್ನ ತಪ್ಪನ್ನೂ ಮುಚ್ಚಿಡದೆ ಹೇಳಿದೆ.

ಮೇಲೆ ಎಲೆ ಹಸಿರಾಗಿದ್ದರೆ, ಕೊಂಬೆ ತುಂಬ ಕಾಯಿದ್ದರೆ ಎಲ್ಲ ಸರಿಯಿದೆ ಎಂದುಕೊಳ್ಳುತ್ತೇವೆ. ಕೆಳಗಿನವರು ಉಂಡರೇ ಎಂದು ವಿಚಾರಿಸುವ ಮಕ್ತುಂಸಾಬರಂಥವರು ನಮ್ಮ ನಡುವೆ ಇದ್ದಾರಲ್ಲ, ಅದು ನಮ್ಮ ಪುಣ್ಯ.

ಅಂದ ಹಾಗೆ, ನಿಮ್ಮ ಮನೆಯಲ್ಲೂ ಒಂದು ಪಕ್ಕಡ ಇದೆ ತಾನೇ?