ಮುನಿಶಾಮಣ್ಣನ ಪ್ರಿಂಟರಿಗೆ ಡ್ರೈವರ್ ಬೇಕಾಗಿದೆ

ಮುನಿಶಾಮಣ್ಣನಷ್ಟು ಚೆನ್ನಾಗಿ ‘ಇಲ್ಲ’ ಹೇಳುವ ಇನ್ನೊಬ್ಬ ಮನುಷ್ಯನನ್ನು ನಾನು ನೋಡಿಲ್ಲ. ಬಾಯಲ್ಲಿದ್ದ ಎಲೆಯಡಿಕೆ ಉಗಿದು, ಬಾಯಿ ಮುಕ್ಕಳಿಸಿ ಬಂದು, ಸುತ್ತಿ ಬಳಸದೆ ಹೇಳುತ್ತಿದ್ದರು. ದೇವನಹಳ್ಳಿಯ ಹಳೇ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವರದೊಂದು ಕೋಣೆ. ಗಂಡು ಹೆಣ್ಣು ಕೂಡಿಸುವುದು ಕಸುಬು. ನಾನು ಹೋಗಿದ್ದು ನನ್ನ ಎರಡನೇ ಮದುವೆಗೆ ಗಂಡು ಕೇಳಿಕೊಂಡು. ಹೊಸಕೋಟೆ ಕಡೆಯ ಒಬ್ಬರು ಬಂದು ನೋಡಿಕೊಂಡು ಹೋದರು. ಮಾರನೇ ದಿನವೇ ಫೋನು.

“ಗೀತಮ್ಮ, ಅವ್ರು ಒಪ್ಲಿಲ್ಲ ಕಣಮ್ಮ. ನಿನ್ ಬಾಯಿ ಜಾಸ್ತಿಯಂತೆ.”

“ಅದ್ನೂ ಹೇಳ್ಬೇಕಿತ್ತಾ ಅಣ್ಣ?”

“ಮತ್ತೆ? ಆಮೇಲೆ ಹೇಳ್ತೀವಿ ಅಂತ ಯುಗಾದಿಗಂಟ ಕಾಯಿಸ್ಲಾ? ಬಂದು ಜಾತಕ ಇಸ್ಕೊಂಡೋಗು.”

ಅದು ಅವರ ಕಟ್ಟಳೆ. ಕೇಳಿದವರಿಗೆ ಹೌದು ಅಥವಾ ಇಲ್ಲ, ಎರಡರಲ್ಲೊಂದು ಹೇಳಲೇಬೇಕು. ಒಂದು ಮನೆಯಿಂದ ಜವಾಬು ಬರುವವರೆಗೆ ಆ ಜಾತಕವನ್ನು ಇನ್ನೊಂದು ಮನೆಗೆ ತೋರಿಸುವಂತಿಲ್ಲ. ಜಗಳ ಆಡೋಣವೆಂದೇ ನಾನು ಹೋದೆ. ಕಾಫಿ ತರಿಸಿದರು. ಮದುವೆ ಆಗಲಿಲ್ಲ, ಹರಟೆಗೆ ಒಂದು ಜಾಗ ಸಿಕ್ಕಿತು.

ಅವರ ಹಳೇ ಕಂಪ್ಯೂಟರಿಗೆ ತಂಗಿಯ ಮಗಳು ವಿಂಡೋಸ್ ಬದಲು ಲಿನಕ್ಸ್ ಎಂಬ ಬಿಟ್ಟಿ ತಂತ್ರಾಂಶ ಹಾಕಿಕೊಟ್ಟಿದ್ದಳು. ಪರದೆಯ ಮೇಲೆ ಎಲ್ಲವೂ ಕನ್ನಡ. ‘ಕಡತ’, ‘ಉಳಿಸು’, ‘ಮುದ್ರಿಸು’. ಇಂಗ್ಲಿಷ್ ಬಾರದ ಮುನಿಶಾಮಣ್ಣ ಯಾರ ಹಂಗಿಲ್ಲದೆ ರಾಜನಂತೆ ಕೂತು ಜಾತಕ ತೆಗೆಯುತ್ತಿದ್ದರು. ಆ ಗತ್ತಿನಲ್ಲೇ ಒಂದು ಕಲರ್ ಪ್ರಿಂಟರ್ ತಂದರು. ಅರಿಶಿನ ಕುಂಕುಮ ಹಚ್ಚಿ, ವೈರು ಸಿಕ್ಕಿಸಿ, ‘ಮುದ್ರಿಸು’ ಒತ್ತಿದರು. ಅದು ಒಮ್ಮೆ ಕೆಮ್ಮಿ ಸುಮ್ಮನಾಯಿತು. ತಂಗಿಯ ಮಗಳು ಫೋನಿನಲ್ಲಿ ಹೇಳಿದಳು: “ಮಾವ, ಆ ಕಂಪ್ನಿ ವಿಂಡೋಸ್‌ಗೆ ಮಾತ್ರ ಡ್ರೈವರ್ ಕೊಡೋದು. ಲಿನಕ್ಸ್‌ಗೆ ಇಲ್ಲ.”

ಊರಿನವರಿಗೆಲ್ಲ ಸಾಲಾವಳಿ ನೋಡುವ ಮನುಷ್ಯ, ಪ್ರಿಂಟರಿಗೂ ಕಂಪ್ಯೂಟರಿಗೂ ಸಾಲಾವಳಿ ನೋಡದೆ ತಂದುಬಿಟ್ಟಿದ್ದರು!

ಡ್ರೈವರ್ ಎಂದರೇನೆಂದು ನನಗೂ ಕುತೂಹಲ ಹತ್ತಿತು. ಮೊಬೈಲಿನಲ್ಲಿ ಹುಡುಕಿ ಓದಿ ಹೇಳಿದೆ. ಕಂಪ್ಯೂಟರಿನ ಮಾತು ಪ್ರಿಂಟರಿಗೆ ತಿಳಿಯದು, ನಡುವೆ ನಿಂತು ಹೇಳುವ ಸಣ್ಣದೊಂದು ಪ್ರೋಗ್ರಾಮು ಅದು.

“ಅಂದ್ರೆ ನಾನೇ ಅನ್ನು!” ಎಂದರು ಮುನಿಶಾಮಣ್ಣ. “ಅದನ್ಯಾಕೆ ಕೊಡಕ್ಕಿಲ್ವಂತೆ?”

“ಲಿನಕ್ಸ್ ಇಟ್ಕೊಂಡಿರೋರು ಕಮ್ಮಿ ಅಂತೆ.”

“ಕಮ್ಮಿ ಅವ್ರೆ ಅಂತ ಮದ್ವೆನೇ ಮಾಡ್ಬಾರ್ದಾ?”

“ಕೆಲವು ಪ್ರಿಂಟರಿಗೆ ಕಂಪ್ನಿ ಕೊಡದಿದ್ರೂ ಹೊರಗಿನೋರೇ ಯಾರೋ ಕೂತು, ಊಹೆ ಮಾಡಿ ಬರೀತಾರಂತೆ ಅಣ್ಣ.”

“ಅದು ಓಡೋಗಿ ಆಗೋ ಮದ್ವೆ. ನಂಗೆ ಮನೆಯೋರ ಒಪ್ಗೆನೇ ಬೇಕು.”

ಆಮೇಲೆ ಮಾಡಿದ ಎಡವಟ್ಟು ನೋಡಿ. ಅವರಿಗಿದ್ದದ್ದು ಒಂದೇ ವಾಟ್ಸಾಪ್ ಗುಂಪು, ವಧೂವರರದು. ಅದರಲ್ಲೇ ಹಾಕಿದರು: “ಡ್ರೈವರ್ ಬೇಕಾಗಿದೆ. ಲಿನಕ್ಸ್ ಆಗಿರಬೇಕು. ತುರ್ತು.” ಸಂಜೆಯೊಳಗೆ ಫೋಟೋಗಳು ಬಂದು ಬಿದ್ದವು. ಟ್ರಾಕ್ಟರ್ ಓಡಿಸುವವರು, ಏರ್‌ಪೋರ್ಟ್ ಕ್ಯಾಬ್ ಓಡಿಸುವವರು, ಹಾಲಿನ ಟ್ಯಾಂಕರ್ ಓಡಿಸುವವರು. ಯಾರೋ ವಿನಯದಿಂದ ಕೇಳಿದ್ದರು: “ಸ್ವಾಮಿ, ಲಿನಕ್ಸ್ ಅಂದರೆ ಯಾವ ಪಂಗಡ?” ನಲ್ಲೂರಿನ ಮಂಜುನಾಥನೆಂಬ ಕ್ಯಾಬ್ ಡ್ರೈವರ್ ತಾಯಿಯನ್ನೇ ಕರೆದುಕೊಂಡು ಬಂದ. ಆಯಮ್ಮ ಬಾಗಿಲಲ್ಲೇ, “ಲಿನಕ್ಸ್ ಆದ್ರೇನು ಬುಡಿ, ನಮ್ದೇನೂ ಅಭ್ಯಂತರ ಇಲ್ಲ, ಹುಡ್ಗಿ ಚೆನ್ನಾಗಿದ್ರೆ ಸಾಕು,” ಎಂದರು. ನಾನು ನಗು ತಡೆಯಲಾಗದೆ ಹೊರಗೆ ಓಡಿದೆ. ಮುನಿಶಾಮಣ್ಣ ನಗಲಿಲ್ಲ. ಕೂರಿಸಿ ಜಾತಕ ತೆಗೆದುಕೊಂಡರು. ಸೂಲಿಬೆಲೆಯ ಹುಡುಗಿಯ ಜತೆ ಮದುವೆ ಕೂಡಿಬಂತು.

ಪ್ರಿಂಟರಿಗೆ ಮಾತ್ರ ಡ್ರೈವರ್ ಬರಲಿಲ್ಲ. ಕಂಪನಿಗೆ ವಾರವಾರ ಫೋನು. “ನಿಮ್ಮ ಕೋರಿಕೆ ಪರಿಶೀಲನೆಯಲ್ಲಿದೆ ಸರ್,” ಎಂಬುದೇ ಪ್ರತಿಸಲದ ಉತ್ತರ. ಅಲ್ಲಿಯವರೆಗೆ ಪ್ರಿಂಟರಿನ ಮೇಲೊಂದು ಟವೆಲ್ ಹೊದಿಸಿ, ಎದುರಿನ ಜೆರಾಕ್ಸ್ ಅಂಗಡಿ ಸರೋಜಳ ಹತ್ತಿರ ಪೆನ್‌ಡ್ರೈವ್ ಹಿಡಿದುಕೊಂಡು ಓಡಾಡುತ್ತಿದ್ದರು. ಅವಳಿಗೂ ಸಾಕಾಗಿತ್ತು.

“ಅಣ್ಣ, ವಿಂಡೋಸ್ ಹಾಕ್ಸಿ. ಇಲ್ಲಾ, ಆ ಪ್ರಿಂಟರ್ ನಂಗಾದ್ರೂ ಕೊಡಿ.”

“ನಿನ್ ವಿಂಡೋಸ್ ನೋಡಿದ್ದೀನಲ್ಲ, ಬರೀ ಇಂಗ್ಲಿಷು. ಒಂದೊಂದು ಜಾತಕಕ್ಕೂ ನಿನ್ನ ಕರೀತಾ ಕೂರ್ಲಾ? ಪ್ರಿಂಟರ್ ಕೊಡಕ್ಕೂ ಆಗಕ್ಕಿಲ್ಲ ಕಣಮ್ಮ. ಜವಾಬು ಬಂದಿಲ್ಲ.”

ಕೊನೆಗೆ ಒಂದು ದಿನ ನಾನು ಎದುರಿಗೇ ಇದ್ದೆ. ಸ್ಪೀಕರಿನಲ್ಲಿ ಕಂಪನಿಯ ಹೊಸ ಹುಡುಗಿಯ ದನಿ. ಅವಳೂ “ಪರಿಶೀಲನೆ” ಎಂದು ಶುರು ಮಾಡಿದಳು.

“ತಾಯಿ, ಒಂದ್ ನಿಮಿಷ,” ಎಂದರು. “ನಾನು ಹೆಣ್ಣು ಗಂಡು ನೋಡೋನು. ಒಪ್ಗೆ ಇಲ್ದಿದ್ರೆ ಇಲ್ಲ ಅಂದ್ಬಿಡ್ಬೇಕು. ಬೈಯಕ್ಕಿಲ್ಲ ನಾನು. ಕೊಡ್ತಾರಾ, ಕೊಡಲ್ವಾ?”

ಅವಳು ದನಿ ತಗ್ಗಿಸಿ ಹೇಳಿದಳು. “ಇಲ್ಲ ಸರ್. ಈ ಮಾಡೆಲ್‌ಗೆ ಲಿನಕ್ಸ್ ಡ್ರೈವರ್ ಕೊಡಲ್ಲ. ಮುಂದೆನೂ ಕೊಡಲ್ಲ.”

ಮುನಿಶಾಮಣ್ಣನ ಮುಖ ನೋಡಬೇಕಿತ್ತು! ಗಂಟು ಬಿಚ್ಚಿದ ಹಾಗೆ. “ಒಳ್ಳೇದಾಗ್ಲಿ ತಾಯಿ. ಎಷ್ಟು ಚೆನ್ನಾಗಿ ಹೇಳ್ದೆ! ಅಂದಂಗೆ, ನಿಂಗೆ ಮದ್ವೆ ಆಗೈತಾ?”

ಫೋನಿಟ್ಟವರೇ ಟವೆಲ್ ತೆಗೆದರು. ಪ್ರಿಂಟರನ್ನು ಎದೆಗವಚಿಕೊಂಡು ಬೀದಿ ದಾಟಿ ಸರೋಜಳ ಮೇಜಿನ ಮೇಲಿಟ್ಟರು. ವಿಂಡೋಸ್ ಜತೆ ಅದು ಮೊದಲ ಸಲಕ್ಕೇ ಮಾತಾಡಿತು. ತಮ್ಮ ಕೋಣೆಗೆ ಇನ್ನೊಂದು ತಂದರು, ಈ ಸಲ ತಂಗಿಯ ಮಗಳಿಂದ ಸಾಲಾವಳಿ ನೋಡಿಸಿ.

ಆ ಹೊಸ ಪ್ರಿಂಟರ್ ನೋಡಲು ಹೋದಾಗ ಅವರನ್ನು ಕಂಡಿದ್ದೇ ಕೊನೆ. ಕಾರ್ತೀಕ ಬರುವಷ್ಟರಲ್ಲಿ ಮುನಿಶಾಮಣ್ಣ ಇರಲಿಲ್ಲ. ಎದೆನೋವು ಎಂದವರು ಆಸ್ಪತ್ರೆ ಮುಟ್ಟಲಿಲ್ಲವಂತೆ.

ಆ ವಾಟ್ಸಾಪ್ ಗುಂಪು ಇನ್ನೂ ಇದೆ. ಮೊನ್ನೆ ಮಂಜುನಾಥ ಮಗುವಿನ ಫೋಟೋ ಹಾಕಿದ್ದ. ಎಲ್ಲರೂ ಹೂವು, ಚಪ್ಪಾಳೆ ಕಳಿಸಿದರು. ಕೆಳಗೆ ಯಾರೋ ಕೇಳಿದ್ದರು: “ಇವರು ಆ ಲಿನಕ್ಸ್ ಪಂಗಡದವರಾ?”

ಎರಡು ದಿನವಾದರೂ ಯಾರೂ ಉತ್ತರ ಕೊಟ್ಟಿರಲಿಲ್ಲ. ಕೇಳಿದವರನ್ನು ಹಾಗೆ ಕಾಯಿಸಬಾರದಲ್ಲ. ನಾನೇ ಬರೆದೆ: “ಹೌದು.”